ಎರಡು ಬೆರಳಿನ ಜಾಗ

ನನ್ನ ತಮ್ಮನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಬಸ್ಸು ಡಿಪೋದಲ್ಲಿ, ಬೀದಿಯಲ್ಲಿ, ಮನೆಯಲ್ಲಿ, ಎಲ್ಲ ಕಡೆಯೂ ಅವನು ಏಣಿ. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ತಗ್ಗಿಸಿ ಎಷ್ಟು ಅಭ್ಯಾಸವಾಗಿದೆಯೆಂದರೆ, ಬಟ್ಟಬಯಲಿನಲ್ಲಿ ನಿಂತಿದ್ದಾಗಲೂ ಸ್ವಲ್ಪ ಬಗ್ಗಿಯೇ ಇರುತ್ತಾನೆ. ಇಂಥವನನ್ನು ಊಟದ ಮೇಜಿನಷ್ಟೂ ಎತ್ತರವಿಲ್ಲದ ರೇಸು ಕಾರಿನೊಳಗೆ ತುರುಕಬೇಕೆಂದು ನಮ್ಮನೆಯವರಿಗೆ ಹೊಳೆದಾಗ ಮೊದಲು ನಾನು ನಕ್ಕೆ. ಆಮೇಲೆ ಅವರ ಮುಖ ನೋಡಿದೆ. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಜಗಳವಾಡಿದೆ.

ಆ ಕಾರನ್ನು ಅವರು ಕಟ್ಟಿದ್ದು ತಮಗಾಗಿ, ತಮ್ಮ ಅಳತೆಗೆ. ನಮ್ಮನೆಯವರು ನನ್ನ ಕಿವಿಯವರೆಗೆ ಬರುತ್ತಾರೆ. ಮದುವೆಯ ಫೋಟೋದಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಅವರನ್ನು ಪಕ್ಕದಲ್ಲಿ ನಿಲ್ಲಿಸಿದ್ದರು. ಅವರದ್ದು ಲೇತ್ ಕೆಲಸ, ನನ್ನದು ವಾಹನಗಳ ಸೀಟು ಹೊಲಿಯುವ ಕೆಲಸ. ಎರಡೂ ಒಂದೇ ಶೆಡ್ಡಿನಲ್ಲಿ. ಆ ಕಡೆ ಅವರ ಲೇತಿನ ಕಿರುಚಾಟ, ಈ ಕಡೆ ನನ್ನ ಹೊಲಿಗೆ ಯಂತ್ರದ್ದು, ನಡುವೆ ವರ್ಷಗಳಿಂದ ಕಾಲಿಗೆ ಅಡ್ಡ ಸಿಗುತ್ತಿದ್ದ ಆ ಕಾರು. ಮೋಟಾರ್ ಸೈಕಲ್ಲಿನ ಎಂಜಿನ್ನು, ಉದ್ದನೆಯ ಮೂತಿ, ಹಿಂದೆ ಬ್ರೇಕಿಗೆಂದು ಒಂದು ಪ್ಯಾರಾಚೂಟು. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುವ ಒಂದು ಕೆರೆಯಂಗಳದಲ್ಲಿ ವರ್ಷಕ್ಕೊಮ್ಮೆ ಇಂಥ ಕಾರುಗಳನ್ನು ನೇರ ಗೆರೆಯಲ್ಲಿ ಓಡಿಸುತ್ತಾರೆ. ಪಕ್ಕದಲ್ಲಿ ಯಾರೂ ಓಡುವುದಿಲ್ಲ. ನೀನು, ನಿನ್ನ ಎಂಜಿನ್ನು, ನಿನಗಿಂತ ಮುಂಚೆ ಓಡಿದವರು ಬಿಟ್ಟುಹೋದ ವೇಗದ ದಾಖಲೆ. ಅಷ್ಟೇ ಪಂದ್ಯ.

ಕಾರು ಮುಗಿಯುವ ಹೊತ್ತಿಗೆ ಅವರ ಎಡಗಣ್ಣು ಕೈಕೊಟ್ಟಿತು. ಡಾಕ್ಟರು ಇನ್ನು ಮೇಲೆ ವೇಗದ ಮಾತೇ ಬೇಡ ಎಂದರು. ನಮ್ಮನೆಯವರು ಮನೆಗೆ ಬಂದು ಬೂಟು ಕಳಚದೆ ಕಾರಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. ಊಟಕ್ಕೆ ಕರೆದೆ, ಏಳಲಿಲ್ಲ. ನನಗೂ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಕೆಲವು ದಿನ ಬಿಟ್ಟು ಒಂದು ಸಂಜೆ, "ಏಣಿ ಓಡಿಸ್ತಾನೆ. ಅವನ ಕೈ ನಡುಗಲ್ಲ," ಎಂದರು. ಅದು ನಿಜ. ತುಂಬಿದ ಬಸ್ಸನ್ನು ಸಂದಿಗೊಂದಿಯಲ್ಲಿ ನುಗ್ಗಿಸಿಕೊಂಡು ಬರುವವನು ನನ್ನ ತಮ್ಮ. ಕೇಳಿದ್ದೇ ತಡ ಒಪ್ಪಿಕೊಂಡ. ಭಾವ ಎಂದರೆ ಅವನಿಗೆ ಪ್ರಾಣ, ವೇಗ ಎಂದರೆ ಅದಕ್ಕಿಂತ ಒಂದು ಗುಂಜಿ ಹೆಚ್ಚು.

ಹಾಗಾದರೆ ಕೂರಿಸುವವಳು ನಾನೇ ಎಂದು ಪಟ್ಟು ಹಿಡಿದೆ. ಇಂಥ ಕಾರಿನಲ್ಲಿ ಚಾಲಕನ ತಲೆಯ ಸುತ್ತ ಉಕ್ಕಿನ ಕೊಳವೆಗಳ ಒಂದು ಪಂಜರ ಇರುತ್ತದೆ, ಕೊಳವೆಗೆ ಗಟ್ಟಿ ಮೆತ್ತೆ ಸುತ್ತಿರುತ್ತದೆ. ಕಾರು ಮಗುಚಿದರೆ ಆ ಪಂಜರವೇ ಕಾಯಬೇಕು. ಆದರೆ ಬೆಲ್ಟು ಎಷ್ಟೇ ಬಿಗಿಯಾಗಿದ್ದರೂ ಮಗುಚಿದ ಕ್ಷಣದಲ್ಲಿ ಮೈ ಜಗ್ಗಿಕೊಂಡು ತಲೆಯ ಕಡೆಗೆ ಸರಿಯುತ್ತದೆ. ಸರಿಯಲು ಜಾಗ ಇದ್ದರೆ ಸರಿ. ಹೆಲ್ಮೆಟ್ಟು ಮೊದಲೇ ಮೆತ್ತೆಗೆ ತಾಗಿಕೊಂಡಿದ್ದರೆ ಪೆಟ್ಟೆಲ್ಲ ಬೀಳುವುದು ಕತ್ತಿಗೆ. ಅದಕ್ಕೇ ಹಳೆಯ ಬೆಂಚಿನಿಂದ ಒಂದು ಮರದ ತುಂಡು ಕೊಯ್ದು, ಉಜ್ಜಿ, ನನ್ನ ಎರಡು ಬೆರಳಿನ ದಪ್ಪಕ್ಕೆ ತಂದೆ. ಬೆಲ್ಟು ಬಿಗಿದ ಮೇಲೆ ಈ ತುಂಡು ಹೆಲ್ಮೆಟ್ಟಿಗೂ ಮೆತ್ತೆಗೂ ನಡುವೆ ಸಲೀಸಾಗಿ ಆಚೆ ಹೋಗಬೇಕು. ಹೋಗದಿದ್ದರೆ ಕಾರು ಓಡುವುದಿಲ್ಲ. ಇದು ನಾನು ಹಾಕಿದ ಕಾನೂನು, ಇಬ್ಬರೂ ತಲೆಯಾಡಿಸಿದರು.

ತಲೆಯಾಡಿಸುವುದು ಸುಲಭ. ಮೊದಲ ಸಂಜೆ ತುಂಡಿರಲಿ, ಏಣಿಯ ತಲೆಯೇ ಪಂಜರದೊಳಗೆ ಹೋಗಲಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು, ಒಂದು ಮೊಣಕೈ ಹೊರಗೇ ಉಳಿಯಿತು. ನಮ್ಮನೆಯವರು ಪೆಡಲುಗಳನ್ನು ಮೂತಿಯೊಳಕ್ಕೆ ತಳ್ಳಿದರು, ಸ್ಟಿಯರಿಂಗನ್ನು ಕಳಚಿ ಮತ್ತೆ ಸಿಕ್ಕಿಸುವಂತೆ ಮಾಡಿದರು. ನಾನು ಸೀಟಿನ ಫೋಮನ್ನು ಹೆರೆದೆ, ಮತ್ತೆ ಹೆರೆದೆ, ಕೊನೆಗೆ ಅವನ ಕುಂಡಿಗೂ ನೆಲದ ತಗಡಿಗೂ ನಡುವೆ ಒಂದು ಚಪ್ಪಲಿಯ ದಪ್ಪ ಉಳಿಯಿತು. ಅದಕ್ಕಿಂತ ಕೆಳಗಿಳಿದರೆ ಮೂತಿಯ ಮೇಲಿಂದ ಅವನಿಗೆ ದಾರಿಯೇ ಕಾಣುತ್ತಿರಲಿಲ್ಲ, ಬೆನ್ನನ್ನು ಇನ್ನಷ್ಟು ಒರಗಿಸಿದರೂ ಅಷ್ಟೇ ಗತಿ. ದಿನಾ ಸಂಜೆ ಅವನು ಬಸ್ಸು ಡಿಪೋಗೆ ಬಿಟ್ಟು ನೇರ ನಮ್ಮ ಶೆಡ್ಡಿಗೆ ಬರುತ್ತಿದ್ದ. ನಾನು ಕೂರಿಸಿ, ಬಿಗಿದು, ತುಂಡು ತಳ್ಳಿ ನೋಡುತ್ತಿದ್ದೆ. ಸಿಕ್ಕಿಕೊಳ್ಳುತ್ತಿತ್ತು. ಬಯ್ಯುತ್ತಿದ್ದೆ. ಯಾರನ್ನು ಎಂದು ಕೇಳಬೇಡಿ, ಎದುರಿಗೆ ಸಿಕ್ಕವರನ್ನು.

ಹೀಗೆ ಬಿಗಿಸಿಕೊಂಡು ಮಲಗಿದ್ದಾಗ ಏಣಿ ಡಿಪೋದ ಸುದ್ದಿ ಹೇಳುತ್ತಿದ್ದ. ಅವನ ದೊಡ್ಡ ದೂರೆಂದರೆ ಬಸ್ಸಿನೊಳಗಿನ ಕನ್ನಡಿಯದು. ಬೆಳಿಗ್ಗೆ ಹತ್ತಿದ ಕೂಡಲೇ ಅದನ್ನು ಮೇಲಕ್ಕೆ ತಿರುಗಿಸಬೇಕು, ಸಂಜೆಯ ಟ್ರಿಪ್ಪಿನ ಹೊತ್ತಿಗೆ ಮತ್ತೆ ಕೆಳಕ್ಕೆ. ದಿನಾ ಇದೇ ಗೋಳು. ಕಂಡಕ್ಟರೇ ಮುಟ್ಟುತ್ತಾನೆ ಎಂದು ಅವನೊಡನೆ ಜಗಳವೂ ಆಗಿತ್ತು. ಕಂಡಕ್ಟರು ಮಕ್ಕಳಾಣೆ ಮಾಡಿ ಅತ್ತೇಬಿಟ್ಟನಂತೆ. ನಿನ್ನ ಬಸ್ಸಿನಲ್ಲಿ ದೆವ್ವ ಕೂತು ತಲೆ ಬಾಚಿಕೊಳ್ಳುತ್ತೆ ಬಿಡು ಎಂದು ನಾನೂ ಗೇಲಿ ಮಾಡಿದ್ದೆ.

ಕೊನೆಗೊಂದು ಸಂಜೆ ತುಂಡು ಆಚೆ ಬಂತು. ಮತ್ತೆ ತಳ್ಳಿದೆ, ಮತ್ತೆ ಬಂತು. ನಮ್ಮನೆಯವರು ಆ ಮರದ ತುಂಡಿಗೇ ಮುತ್ತು ಕೊಟ್ಟರು, ನನಗೆ ಕೊಡಲಿಲ್ಲ.

ಕೆರೆಯಂಗಳಕ್ಕೆ ಇಡೀ ದಿನದ ದಾರಿ. ವ್ಯಾನನ್ನು ಏಣಿಯೇ ಓಡಿಸಿದ, ಹಿಂದೆ ಕಟ್ಟಿದ ಗಾಡಿಯ ಮೇಲೆ ಕಾರು. ಸಂಜೆಗೆ ತಲುಪಿ ತಪಾಸಣೆ ಮಾಡಿಸಿದೆವು. ತಪಾಸಣೆಗೆ ಬಂದಿದ್ದ ದಪ್ಪ ಕನ್ನಡಕದ ಹೆಂಗಸು ಚೆನ್ನಾಗಿಯೇ ನೋಡಿದರು. ಏಣಿಯನ್ನು ಕೂರಿಸಿ ಬಿಗಿಸಿದರು, ತಮ್ಮದೇ ಅಳತೆಪಟ್ಟಿ ಹಿಡಿದರು, ನನ್ನ ತುಂಡನ್ನೂ ತಳ್ಳಿಸಿ ನೋಡಿದರು, ಅವನು ಒಬ್ಬನೇ ಹೊರಗೆ ಬರುತ್ತಾನೆಯೇ ಎಂದು ಪರೀಕ್ಷೆ ಮಾಡಿದರು, ಕಾರಿನ ಮೂತಿಗೆ ಚೀಟಿ ಅಂಟಿಸಿದರು. ಆ ಚೀಟಿ ಅಂಟಿದ ಮೇಲೆ ಯಾರೂ ಮತ್ತೆ ಅಳೆಯುವುದಿಲ್ಲ. ಮರುದಿನ ಬೆಳಿಗ್ಗೆಯೇ ನಮ್ಮ ಓಟ. ಬೆಳಿಗ್ಗೆ ಗಾಳಿ ಇರುವುದಿಲ್ಲ, ಹಾಗಾಗಿ ಹಗುರ ಕಾರುಗಳು ಮೊದಲು. ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ, ಎದ್ದರೆ ಎಲ್ಲ ನಿಲ್ಲಿಸಿಬಿಡುತ್ತಾರೆ. ಆ ಮರುದಿನವೇ ಆ ವರ್ಷದ ಓಟಗಳ ಕೊನೆಯ ದಿನವೂ ಆಗಿತ್ತು.

ಬೆಳಿಗ್ಗೆ ಏಣಿ ವ್ಯಾನಿನ ಹಿಂಭಾಗದಲ್ಲಿ ಗಡದ್ದಾಗಿ ಮಲಗಿದ್ದವನು ಎದ್ದು, ಮುಖ ತೊಳೆದು, ನೇರವಾಗಿ ರೇಸಿನ ಉಡುಪಿಗೆ ಕಾಲು ಹಾಕಿದ. ನೆಲ ಬೆಳ್ಳಗೆ, ಗಟ್ಟಿಯಾಗಿ, ಕಣ್ಣು ಹರಿಯುವಷ್ಟು ದೂರಕ್ಕೂ ಖಾಲಿ. ಕಾರನ್ನು ಕೈಯಿಂದಲೇ ತಳ್ಳಿಕೊಂಡು ಸಾಲಿಗೆ ತಂದೆವು, ನಮ್ಮ ಮುಂದೆ ಒಂದೇ ಕಾರಿತ್ತು. ಅವನನ್ನು ಕೂರಿಸಿದೆ. ಭುಜದ ಬೆಲ್ಟು, ಸೊಂಟದ ಬೆಲ್ಟು, ತೊಡೆಯ ನಡುವಿನದು, ಒಂದೊಂದಾಗಿ ಎಳೆದೆ. ಜೇಬಿನಿಂದ ತುಂಡು ತೆಗೆದು ಹೆಲ್ಮೆಟ್ಟಿನ ಮೇಲೆ ತಳ್ಳಿದೆ. ಹೋಗಲಿಲ್ಲ.

ಕೈ ತಪ್ಪಿರಬೇಕು ಎಂದುಕೊಂಡು ಮತ್ತೆ ತಳ್ಳಿದೆ. ಅಂಚು ಮಾತ್ರ ಹೋಗಿ ನಿಂತಿತು. ಬೆಲ್ಟು ಇನ್ನಷ್ಟು ಎಳೆದೆ, ಏಣಿ ಉಸಿರು ಬಿಡಲಾಗದೆ ನರಳಿದ. ಆದರೂ ಇಲ್ಲ. ಅದೇ ಸೀಟು, ಅದೇ ಹೆಲ್ಮೆಟ್ಟು, ಅದೇ ಬೆಲ್ಟು, ನಿನ್ನೆ ಸಂಜೆ ಸಲೀಸಾಗಿ ಹೋಗಿದ್ದ ಅದೇ ತುಂಡು. ನಮ್ಮನೆಯವರು ಎಂಜಿನ್ನಿನ ಮೇಲಿಂದ ತಲೆಯೆತ್ತಿ ಏನಾಯಿತು ಎಂದರು. ಹೇಳಿದೆ.

"ಕೂದಲೆಳೆಯಷ್ಟು ಕಡಿಮೆ ಬಂದ್ರೆ ಏನಾಗುತ್ತೆ? ಚೀಟಿ ಅಂಟಿಸಿದಾರಲ್ಲ," ಎಂದರು.

ಚೀಟಿ ಅವನ ಕತ್ತು ಕಾಯುವುದಿಲ್ಲ ಎಂದೆ. ಏಣಿ ಹೆಲ್ಮೆಟ್ಟಿನೊಳಗಿಂದಲೇ, ತಾನು ಸ್ವಲ್ಪ ತಲೆ ತಗ್ಗಿಸಿಕೊಂಡು ಹೋಗುತ್ತೇನೆ, ಹುಟ್ಟಿದಾಗಿನಿಂದ ಅದೇ ಕೆಲಸ ತಾನೇ ಎಂದ. ನನಗೆ ನಗು ಬರಲಿಲ್ಲ. ಕತ್ತು ಬಗ್ಗಿಸಿಕೊಂಡವನಿಗೆ ಪೆಟ್ಟು ಬಿದ್ದರೆ ಇನ್ನೂ ಕೆಟ್ಟದ್ದು. ಅಷ್ಟರಲ್ಲಿ ಮುಂದಿದ್ದ ಕಾರು ಹೊರಟಿತು, ಬಾವುಟದವನು ನಮ್ಮನ್ನು ಕೈಬೀಸಿ ಕರೆದ. ನಮ್ಮನೆಯವರು ಜೇಬಿನಿಂದ ಚಾಕು ತೆಗೆದರು. ಪಂಜರದ ಮೆತ್ತೆಯನ್ನು ಆ ಒಂದು ಕಡೆ ಕೊಯ್ದುಬಿಟ್ಟರೆ ಜಾಗ ಆಯಿತಲ್ಲ ಎಂದು ಅವರ ಲೆಕ್ಕ. ಚಾಕು ಮೆತ್ತೆಯ ಹತ್ತಿರ ಬಂದಿತ್ತು. ನಾನು ಮೆತ್ತೆಯ ಮೇಲೆ ಅಂಗೈ ಇಟ್ಟೆ.

"ಕೊಯ್ಯೋದಾದ್ರೆ ನನ್ನ ಕೈ ಸೇರಿಸಿ ಕೊಯ್ಯಿರಿ. ಬರೀ ಕಬ್ಬಿಣಕ್ಕೆ ತಮ್ಮನ ತಲೆ ಕೊಡೋಕೆ ಬಂದಿಲ್ಲ ನಾನು."

ಅವರು ನನ್ನನ್ನು ನೋಡಿದ ಆ ನೋಟವನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. ಬಲಗಣ್ಣಿನಲ್ಲಿ ಸಿಟ್ಟು, ಎಡಗಣ್ಣು ಎಲ್ಲೋ. ನನ್ನಿಂದ ಎಲ್ಲ ಹೋಯಿತು ಎಂದರು, ಇಷ್ಟು ವರ್ಷದ ಕೆಲಸ ಹೋಯಿತು, ಇನ್ನು ಮುಂದಿನ ವರ್ಷದ ಹೊತ್ತಿಗೆ ಈ ಕಣ್ಣಿಗೂ ಕಾಣುತ್ತದೋ ಇಲ್ಲವೋ ಎಂದರು. ಬಲಗಣ್ಣಿನ ಮಾತನ್ನು ಅವರು ನನಗೆ ಹೇಳಿರಲೇ ಇಲ್ಲ. ಕೈ ತೆಗೆದುಬಿಡೋಣ ಎನ್ನಿಸಿತು, ದೇವರಾಣೆ. ಗಂಡನ ಕಣ್ಣು ಒಂದು ಕಡೆ, ತಮ್ಮನ ಕತ್ತು ಒಂದು ಕಡೆ. ತೆಗೆಯಲಿಲ್ಲ.

"ಭಾವ, ಅಕ್ಕ ಸರಿ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ," ಎಂದು ಏಣಿ ಸ್ಟಿಯರಿಂಗು ಕಳಚಿ ಹೊರಗೆ ಕೊಟ್ಟ.

ಸಾಲಿನಿಂದ ಕಾರನ್ನು ಎಳೆದುಕೊಳ್ಳಲು ಏಣಿ ವ್ಯಾನು ಹತ್ತಿದ. ನಾನು ಪಕ್ಕದಲ್ಲಿ ಕೂತೆ, ನಮ್ಮನೆಯವರು ಬರಲಿಲ್ಲ. ಎಂಜಿನ್ನು ಚಾಲೂ ಮಾಡುವ ಮುಂಚೆ ಅವನು ಕೈಯೆತ್ತಿ ತಲೆಯ ಮೇಲಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಅಭ್ಯಾಸಬಲ. ಕನ್ನಡಿಯನ್ನು ಯಾಕೆ ಮುಟ್ಟಿದೆ ಎಂದು ಸಿಡುಕಿದೆ. ಸರಿಯಾಗಿ ಕಾಣುತ್ತಿಲ್ಲ, ಕೆಳಗಾಗಿದೆ ಎಂದ. ನಿನ್ನೆ ಸಂಜೆ ಇದೇ ಸೀಟಿನಿಂದ ಇಳಿದವನು ನೀನೇ, ಆಮೇಲೆ ಇದರಲ್ಲಿ ಯಾರೂ ಕೂತಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಇಲ್ಲಿ ಕಂಡಕ್ಟರೂ ಇರಲಿಲ್ಲ, ದೆವ್ವವೂ ಇರಲಿಲ್ಲ. ಕನ್ನಡಿ ಇದ್ದಲ್ಲೇ ಇತ್ತು. ಬೆಳಿಗ್ಗೆ ಇವನ ಕಣ್ಣೇ ಮೇಲೆ ಇರುತ್ತಿತ್ತು, ಸಂಜೆಗೆ ಕೆಳಗೆ.

"ಏಣಿ, ನೀನು ರಾತ್ರಿ ಉದ್ದ ಆಗ್ತೀಯ ಕಣೋ," ಎಂದೆ.

ಅವನು ನನಗೆ ತಲೆ ಕೆಟ್ಟಿತೆಂದೇ ತಿಳಿದ. ಇಳಿಸಿ, ಬೂಟು ಬಿಚ್ಚಿಸಿ, ವ್ಯಾನಿನ ಬದಿಗೆ ಬೆನ್ನು ತಾಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ದಿನವಿಡೀ ಕೂತು, ನಿಂತು ಬೆನ್ನುಮೂಳೆ ಕುಗ್ಗುತ್ತದೆ, ಮಲಗಿದರೆ ಮತ್ತೆ ಹಿಗ್ಗುತ್ತದೆ. ಸೀಟಿನ ಫೋಮು ಹಾಗೇ ಮಾಡುವುದನ್ನು ನಾನು ದಿನಾ ನೋಡುತ್ತೇನೆ, ಮನುಷ್ಯನೂ ಮಾಡುತ್ತಾನೆ ಎಂದು ಹೊಳೆದಿರಲಿಲ್ಲ. ನಾವು ಅಳೆದದ್ದೆಲ್ಲ ಸಂಜೆ, ಬಸ್ಸಿನಲ್ಲಿ ಇಡೀ ದಿನ ಕುಲುಕಿ ಬಂದವನನ್ನು. ತಪಾಸಣೆಯೂ ಸಂಜೆ, ದೊಡ್ಡ ಪ್ರಯಾಣ ಮುಗಿಸಿದವನನ್ನು. ಓಡಿಸಲು ಕೂರಿಸಿದ್ದು ಮಾತ್ರ ಹಾಸಿಗೆಯಿಂದ ಆಗ ತಾನೇ ಎದ್ದವನನ್ನು. ಮೂರು ಜನ ಬುದ್ಧಿವಂತರು ಸೇರಿ ಬೇರೊಬ್ಬನಿಗೆ ಕಾರು ಹೊಂದಿಸಿದ್ದೆವು.

ನಮ್ಮನೆಯವರಿಗೆ ಹೇಳಿದಾಗ ಮನುಷ್ಯ ಏನು ರಬ್ಬರೇ ಎಂದು ಮುಖ ತಿರುಗಿಸಿದರು. ಕನ್ನಡಕದ ಹೆಂಗಸಿಗೆ ಹೇಳಿದೆ. ಅವರು ನಗಲಿಲ್ಲ. ಸಂಜೆ ಗಾಳಿ ಇಳಿದರೆ, ಪಂದ್ಯ ಮುಚ್ಚುವ ಮುಂಚೆ ಒಂದು ಓಟಕ್ಕೆ ಬಿಡುತ್ತೇನೆ, ಆದರೆ ನಾನೇ ಬಂದು ಮತ್ತೆ ಅಳೆಯುತ್ತೇನೆ ಎಂದರು. ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು. ಬಾವುಟಗಳು ಪಟಪಟ ಬಡಿಯತೊಡಗಿ ಓಟವೆಲ್ಲ ನಿಂತಿತು.

ಆ ಹಗಲು ಹೇಗೆ ಕಳೆಯಿತೋ ನನಗೇ ಗೊತ್ತು. ಏಣಿಗೆ ಮಲಗಬೇಡ ಎಂದೆ, ಒರಗಬೇಡ ಎಂದೆ. ನೀರಿನ ಕ್ಯಾನು ಹೆಗಲಿಗೇರಿಸಿ, ನಡಿ ಎಂದೆ. ಅವನು ವ್ಯಾನಿನ ಸುತ್ತ ಸುತ್ತು ಹಾಕುತ್ತ, ಬೇರೆ ತಂಡದವರು ಏನೆಂದು ಕೇಳಿದರೆ, ಅಕ್ಕ ಕುಳ್ಳಗಾಗು ಅಂದಿದ್ದಾಳೆ, ಆಗ್ತಾ ಇದೀನಿ ಎನ್ನುತ್ತಿದ್ದ. ಅವರು ಬಿದ್ದು ಬಿದ್ದು ನಕ್ಕರು. ನಮ್ಮನೆಯವರು ಕಾರಿನ ನೆರಳಿನಲ್ಲಿ ಕೂತು ಗಾಳಿಯ ಬಾವುಟವನ್ನೇ ನೋಡುತ್ತಿದ್ದರು. ತಿಂಡಿ ಕೊಟ್ಟೆ, ಮುಟ್ಟಲಿಲ್ಲ. ಗಾಳಿ ಇಳಿಯದಿದ್ದರೆ ಈ ಮನುಷ್ಯ ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಳಿದು, ಓಡಿಸಲು ಹೋದ ಏಣಿಗೆ ಏನಾದರೂ ಆದರೆ ನನ್ನನ್ನು ನಾನೇ ಕ್ಷಮಿಸಿಕೊಳ್ಳುವುದಿಲ್ಲ. ಇಳಿಯಲಿ ಎಂದು ಬೇಡಿಕೊಳ್ಳಲೋ, ಬೇಡ ಎಂದೋ ತಿಳಿಯದೆ ಸುಮ್ಮನೆ ಬೆಲ್ಟಿನ ಹೊಲಿಗೆಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ.

ಬಿಸಿಲು ಓರೆಯಾದಾಗ ಬಾವುಟಗಳು ಒಂದೊಂದಾಗಿ ಜೋತುಬಿದ್ದವು. ಏಣಿಯ ಬೂಟು ಬಿಚ್ಚಿಸಿ ಮತ್ತೆ ವ್ಯಾನಿಗೆ ತಾಗಿಸಿ ನಿಲ್ಲಿಸಿದೆ. ನೆತ್ತಿ ಬೆಳಗಿನ ಗೆರೆಗಿಂತ ಕೆಳಗೆ ಇತ್ತು, ಗೆರೆ ಪೂರ್ತಿ ಕಾಣುತ್ತಿತ್ತು. ನಮ್ಮನೆಯವರು ಹತ್ತಿರ ಬಂದು ನೋಡಿದರು, ಬೆರಳಿಟ್ಟು ನೋಡಿದರು. ನಮ್ಮ ಸರದಿ ಬರುವವರೆಗೂ ಅವನನ್ನು ಕೂರಲು ಬಿಡಲಿಲ್ಲ. ಆಮೇಲೆ ಕೂರಿಸಿ ಬೆಲ್ಟು ಎಳೆದೆ. ಕನ್ನಡಕದ ಹೆಂಗಸು ಪಟ್ಟಿ ಹಿಡಿದರು, ತಲೆಯಾಡಿಸಿದರು. ನಾನು ತುಂಡು ತಳ್ಳಿದೆ. ಸ್ವಲ್ಪ ಉಜ್ಜಿಕೊಂಡು ಆಚೆ ಬಂತು. ಇನ್ನೊಮ್ಮೆ ತಳ್ಳಿದೆ, ಬಂತು.

"ಹೋಗಿ ಬಾ," ಎಂದೆ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಕಾರು ಹೊರಟಿತು. ಮೊದಲು ಕೂಗಿತು, ಆಮೇಲೆ ಆ ಕೂಗು ಸಣ್ಣದಾಗುತ್ತ ದೂರ ಹೋಯಿತು. ಹಿಂದೆ ಧೂಳಿನ ಗೆರೆ ಮಾತ್ರ. ನಮ್ಮನೆಯವರು ಬಲಗಣ್ಣಿಗೆ ದುರ್ಬೀನು ಒತ್ತಿಕೊಂಡಿದ್ದರು, ತುಟಿ ಅಲ್ಲಾಡುತ್ತಿತ್ತು. ವೇಗ ಅಳೆಯುವ ಗೆರೆಯ ಹತ್ತಿರ ಹತ್ತಿರ ಹೋಗುತ್ತಿದ್ದಾಗ ಆ ಧೂಳು ಒಂದು ಬದಿಗೆ ಅಗಲವಾಯಿತು. ಹಿಂದಿನ ಚಕ್ರ ಎಲ್ಲೋ ಮೆತ್ತಗಿನ ನೆಲಕ್ಕೆ ಸಿಕ್ಕಿರಬೇಕು ಎಂದು ಆಮೇಲೆ ಹೇಳಿದರು. ಕಾರು ಅಡ್ಡಡ್ಡ ಜಾರಿತು, ಎದ್ದಿತು, ಮಗುಚಿತು, ಇನ್ನೊಮ್ಮೆ ಮಗುಚಿತು. ಸದ್ದು ನಮಗೆ ತಡವಾಗಿ ಬಂತು.

ವ್ಯಾನು ಓಡಿಸಿದ್ದು ನಾನೋ ಅವರೋ ನೆನಪಿಲ್ಲ. ಆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದುದು ಒಂದೇ: ಉಜ್ಜಿಕೊಂಡು ಬಂತಲ್ಲ, ಸಲೀಸಾಗಿ ಬರಲಿಲ್ಲವಲ್ಲ, ಸಲೀಸಾಗಿ ಬರಬೇಕು ಎಂದಿದ್ದವಳು ನಾನೇ ತಾನೇ. ನಾವು ತಲುಪುವ ಹೊತ್ತಿಗೆ ಬೆಂಕಿ ಆರಿಸುವವರು ಅಲ್ಲಿದ್ದರು. ಕಾರು ತಲೆಕೆಳಗಾಗಿತ್ತು, ಮೂತಿ ಮುರಿದಿತ್ತು. ಏಣಿ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಕತ್ತನ್ನು ಯಾರೋ ಹಿಡಿದುಕೊಂಡರು, ನಾನು ಬೆಲ್ಟು ಬಿಚ್ಚಿದೆ. ಬೆರಳು ಆಡಿಸೋ ಎಂದೆ. ಎರಡೂ ಕೈಯದು ಆಡಿಸಿದ. ಕಾಲು ಎಂದೆ. ಆಡಿಸಿದ. ಆಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ.

"ಯಾಕಕ್ಕ ಅಳ್ತೀಯ? ನಾನು ತಲೆ ತಗ್ಗಿಸಲಿಲ್ಲ, ನೆಟ್ಟಗೇ ಕೂತಿದ್ದೆ," ಎಂದ ಏಣಿ.

ಆಸ್ಪತ್ರೆಯಲ್ಲಿ ಒಂದು ಭುಜ ಮುರಿದಿದೆ ಎಂದರು, ಕತ್ತಿಗೆ ಏನೂ ಆಗಿಲ್ಲ ಎಂದರು. ದಾಖಲೆಯ ಮಾತು ಅಲ್ಲಿಗೆ ಮುಗಿಯಿತು, ಅಳೆಯುವ ಗೆರೆಯನ್ನೇ ಕಾರು ದಾಟಿರಲಿಲ್ಲ.

ಮುರಿದ ಕಾರು ಶೆಡ್ಡಿಗೆ ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಲೇತಿನ ಸದ್ದು ನಿಂತಿತು. ತಿರುಗಿ ನೋಡಿದರೆ ನಮ್ಮನೆಯವರು ಪಂಜರದೊಳಗೆ ತಲೆ ಹಾಕಿಕೊಂಡು ನಿಂತಿದ್ದರು. ಹತ್ತಿರ ಹೋದೆ. ಕಪ್ಪು ಮೆತ್ತೆ ಒಂದು ಕಡೆ ಹಿಸುಕಿ ಒಳಕ್ಕೆ ಹೋಗಿತ್ತು, ಅದರ ಮೇಲೆ ಹೆಲ್ಮೆಟ್ಟಿನ ಬಿಳಿ ಬಣ್ಣ ಬಳಿದುಕೊಂಡಿತ್ತು. ಎರಡು ಬೆರಳಿನ ಜಾಗವೂ ಖರ್ಚಾಗಿತ್ತು, ಮೆತ್ತೆಯ ದಪ್ಪವೂ ಖರ್ಚಾಗಿತ್ತು. ಆ ಬೆಳಿಗ್ಗೆ ಅವರು ಚಾಕು ಹಿಡಿದಿದ್ದು ಸರಿಯಾಗಿ ಆ ಜಾಗಕ್ಕೇ. ಅವರು ಬಿಳಿ ಬಣ್ಣದ ಮೇಲೆ ಬೆರಳಾಡಿಸಿದರು.

"ನಾನು ಕೊಯ್ದಿರ್ತಿದ್ದೆ. ನೀನು ಕೈ ಇಡದಿದ್ರೆ ಕೊಯ್ದೇ ಬಿಡ್ತಿದ್ದೆ," ಎಂದರು.

ಅವರ ಕೈಯನ್ನು ಮೆತ್ತೆಯ ಮೇಲಿಂದ ತೆಗೆದು ನನ್ನ ಕೈಯಲ್ಲಿ ಇಟ್ಟುಕೊಂಡೆ. ಆಮೇಲೆ ಮೆಲ್ಲಗೆ ಬಲಗಣ್ಣಿನ ವಿಷಯ ಕೇಳಿದೆ. ಈ ಸಲ ಅವರು ಮುಚ್ಚಿಡದೆ ಹೇಳಿದರು. ಡಾಕ್ಟರ ಹತ್ತಿರ ಇಬ್ಬರೂ ಸೇರಿ ಹೋಗುವುದೆಂದಾಯಿತು.

ಭುಜ ಕೂಡಿಕೊಂಡ ಮೇಲೆ ಏಣಿ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ನಾನು ಡಿಪೋಗೆ ಹೋಗಿ ಅವನ ಬಸ್ಸನ್ನೇ ಹತ್ತಿದೆ. ಅವನು ಸೀಟಿನಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಅದರಲ್ಲಿ ನನ್ನನ್ನು ಕಂಡು ಹುಬ್ಬು ಹಾರಿಸಿದ. ಕಂಡಕ್ಟರು ನನ್ನ ಪಕ್ಕ ಬಂದು, ನೋಡಿ ಅಕ್ಕ, ನಾನು ಮುಟ್ಟಿಲ್ಲ ಎಂದ. ಗೊತ್ತು ಎಂದು ಹೇಳಿ ಟಿಕೇಟು ತೆಗೆದುಕೊಂಡೆ.